ಶೋಣಪುರದ ಮೊದಲ ಕಾಳಗ

ಸತ್ತವನ ಕಣ್ಣು ಮುಚ್ಚಿರಬೇಕೋ ತೆರೆದಿರಬೇಕೋ ಎಂಬುದನ್ನು ಶಾಂತಕುಮಾರನಿಗೆ ಯಾರೂ ಹೇಳಿರಲಿಲ್ಲ. ನಾಸಿಕ್ ರೋಡಿನಿಂದ ನಸುಕಿನಲ್ಲಿ ಹೊರಟ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವನು ಅದನ್ನೇ ಯೋಚಿಸುತ್ತಿದ್ದ. ಹತ್ತಿರದಿಂದ ನೋಡಿದ ಹೆಣಗಳೇ ಕಡಿಮೆ. ಅಪ್ಪನದಂತೂ ಅವನು ಊರು ಮುಟ್ಟುವಷ್ಟರಲ್ಲಿ ಹೂವಿನಲ್ಲಿ ಮುಚ್ಚಿಹೋಗಿತ್ತು. ಇನ್ನೊಂದು, ಹೋದ ವರ್ಷ ಕಟ್ಟಡದ ಸಾರವೆಯಿಂದ ಜಾರಿ ಬಿದ್ದ ಬಣ್ಣದ ಕೆಲಸದವನದು. ಅವನ ಒಂದು ಕಣ್ಣು ಮಾತ್ರ ತೆರೆದಿತ್ತು, ಕೆಳಗಿನ ಮರಳಿನ ಗುಪ್ಪೆಯಲ್ಲಿ ಏನನ್ನೋ ಹುಡುಕುತ್ತಿರುವವನ ಹಾಗೆ. ಈಗ ಟೈಲ್ಸ್ ಕೂರಿಸುವ ಕೆಲಸ ನಿಂತು ವಾರವಾಗಿತ್ತು. ಕೂಲಿಯವರನ್ನು ಒದಗಿಸುವ ಮುಕಾದಮ ಶಿವರಾಯ ಅವರಿದ್ದ ಸಾಲುಮನೆಗಳ ಚಾಳಿಗೆ ಬಂದು, ಖುಲ್ತಾಬಾದಿನ ಆಚೆ ಗುಡ್ಡದಲ್ಲಿ ಯಾವುದೋ ವೆಬ್ ಸೀರೀಸಿನ ಶೂಟಿಂಗ್ ಇದೆ, ಸೈನಿಕರ ವೇಷಕ್ಕೆ ಗಂಡಸರು ಬೇಕು ಎಂದಿದ್ದ. "ಓಡೋದು, ಹೊಡ್ಯೋದು, ಸಾಯೋದು. ಇಷ್ಟೇ ಕೆಲಸ. ಕೂಲಿ ಕೊಡ್ತಾರ, ಎರಡು ಹೊತ್ತು ಉಣ್ಲಕ್ಕ ಹಾಕ್ತಾರ." ಶಾಂತಕುಮಾರನ ಹೆಂಡತಿ ನೀಲಾಂಬಿಕಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಸಾಯೋ ಕೆಲಸಕ್ಕ ಕೂಲಿ ಕೊಡೋ ಕಾಲ ಬಂತಾ" ಎಂದು ಒಳಗೆ ಹೋಗಿದ್ದಳು.

ಪಕ್ಕದಲ್ಲಿ ಲಾಲಸಾಬ ಕೂತಿದ್ದ. ಚಿಂಚೋಳಿ ಕಡೆಯ ಒಂದೇ ಊರಿನವರು, ಚಾಳಿನಲ್ಲಿ ಒಂದೇ ಗೋಡೆಯ ಎರಡು ಬದಿ, ಕೆಲಸದಲ್ಲಿ ಒಬ್ಬ ಸಿಮೆಂಟ್ ಹರಡಿದರೆ ಇನ್ನೊಬ್ಬ ಟೈಲ್ಸ್ ಒತ್ತುವವನು. ಲಾಲಸಾಬ ಬಸ್ಸು ಹತ್ತಿದರೆ ಬಸ್ಸೆಲ್ಲ ಅವನದಾಗುತ್ತಿತ್ತು. ಸಿನ್ನರ್ ದಾಟುವಷ್ಟರಲ್ಲಿ ಹಿಂದಿನ ಸೀಟುಗಳವರೆಲ್ಲ ಅವನ ಕಡೆ ತಿರುಗಿ ಕೂತಿದ್ದರು. ಅವನು ಹೇಳುತ್ತಿದ್ದುದು ಶಾಂತಕುಮಾರನ ಕಥೆ. ಬಚ್ಚಲಿನ ನೆಲದ ಇಳಿಜಾರು ತಪ್ಪಿ ನೀರು ನಿಂತಿದ್ದಕ್ಕೆ ಸೈಟಿನ ಇಂಜಿನಿಯರ್ ಶಾಂತಕುಮಾರನ ಕಪಾಳಕ್ಕೆ ಬಾರಿಸಿದ್ದು, ಆ ರಭಸಕ್ಕೆ ಸಾಹೇಬನ ತಲೆಯ ಮೇಲಿನ ಹಳದಿ ಹೆಲ್ಮೆಟ್ಟೇ ಕಳಚಿ ಬಿದ್ದದ್ದು. "ನಮ್ಮ ಶಾಂತು ಏನ್ ಮಾಡ್ದ ಅಂತೀರಿ? ಹೆಲ್ಮೆಟ್ ಎತ್ಕೊಂಡ. ತನ್ನ ಅಂಗೀಲೆ ಒರಸ್ದ. ಒರಸಿ ಸಾಹೇಬನ ತಲಿ ಮ್ಯಾಲ ತಾನೇ ಇಟ್ಟ. ಸಾಹೇಬಗೇ ನಾಚಿಗಿ ಬಂತು." ಬಸ್ಸು ನಕ್ಕಿತು. ಶಾಂತಕುಮಾರನೂ ನಕ್ಕ. ನಗುವಾಗ ದವಡೆಯ ಅದೇ ಜಾಗ, ಹೊಡೆತ ಬಿದ್ದ ಜಾಗ, ಬಿಸಿಯಾಯಿತು. ಎರಡನೆಯ ಏಟಿಗೆ ಇಂಜಿನಿಯರ್ ಕೈಯೆತ್ತಿದಾಗ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದವನು ಲಾಲಸಾಬ. ಅದನ್ನು ಮಾತ್ರ ಅವನು ಬಸ್ಸಿನಲ್ಲಿ ಹೇಳಲಿಲ್ಲ. ಮರೆತಿದ್ದನೋ, ಹೇಳುವಂಥದ್ದಲ್ಲ ಅನ್ನಿಸಿತೋ. ಹೇಳಿದ್ದರೆ ತನಗೆ ಕಡಿಮೆ ನೋಯುತ್ತಿತ್ತೋ ಇನ್ನೂ ಹೆಚ್ಚು ನೋಯುತ್ತಿತ್ತೋ ಎಂದು ಶಾಂತಕುಮಾರ ಲೆಕ್ಕ ಹಾಕುತ್ತ ಕೂತ, ಬಸ್ಸು ವೈಜಾಪುರ ದಾಟಿ ಬಿಸಿಲೇರುವವರೆಗೆ.

ಗುಡ್ಡದ ಬುಡದಲ್ಲಿ ಡೇರೆಗಳು. ಚರ್ಮದಂತೆ ಕಾಣುವ ರೆಕ್ಸಿನ್ನಿನ ಎದೆಗವಚ, ಫೈಬರ್ ಕತ್ತಿ, ತುದಿಗೆ ರಬ್ಬರಿನ ಅಲಗು ಸಿಕ್ಕಿಸಿದ ಈಟಿ. ಈಟಿಯ ಕೋಲು ಮಾತ್ರ ನಿಜವಾದ ಬಿದಿರು. ಸೈನಿಕರನ್ನು ನಿಲ್ಲಿಸುವ ಹೊಣೆ ಸ್ವರೂಪ್ ಎಂಬ ಹುಡುಗನದು. ಬೀದರದ ವ್ಯಾಪಾರಿಯ ಮಗ, ಹುಟ್ಟಿ ಬೆಳೆದದ್ದೆಲ್ಲ ನಾಸಿಕದಲ್ಲಿ, ನಿರ್ದೇಶಕರ ಕೈಕೆಳಗೆ ಮೊದಲ ಕೆಲಸ. ಇವರು ಕನ್ನಡದವರೆಂದು ತಿಳಿದದ್ದೇ ಅವನ ಮುಖ ಅರಳಿತು. ಬಾರದ ಕನ್ನಡದಲ್ಲಿ, ಕೈಯಿಂದ ಗಾಳಿಯಲ್ಲಿ ನಕಾಶೆ ಬರೆಯುತ್ತ, ಕಥೆ ಹೇಳಿದ. ಶೋಣಪುರದ ರಾಜ ಸತ್ತಿದ್ದಾನೆ. ಸಿಂಹಾಸನಕ್ಕೆ ಹಿರಿಯ ರಾಣಿಯ ಮಗ, ಕಿರಿಯ ರಾಣಿಯ ಮಗ, ಇಬ್ಬರೂ ಎದ್ದಿದ್ದಾರೆ. ಇದು ಮೊದಲ ಕಾಳಗ. ಹಿರಿಯವನ ಸೈನ್ಯಕ್ಕೆ ಹಳದಿ ಪಟ್ಟಿ, ಕಿರಿಯವನದಕ್ಕೆ ಕಪ್ಪು. ಹಳದಿಯವರು ಗೆಲ್ಲುತ್ತಿರುತ್ತಾರೆ. ಆಗ ಶಂಖ. ಹಳದಿಯವರ ಬಲಪಡೆಯ ಸೇನಾಪತಿ ಒಳಗಿಂದೊಳಗೆ ಕಿರಿಯವನಿಗೆ ಮಾತು ಕೊಟ್ಟಿದ್ದಾನೆ. "ಶಂಖ ಊದಿದ್ ಮೇಲೆ ನೀವು ಪಟ್ಟಿ ಕಿತ್ತು ಥ್ರೋ ಮಾಡಬೇಕು, ಅಂಕಲ್. ಆಮೇಲೆ ಬಾಜೂಕ ನಿಂತ ನಿಮ್ಮವರಿಗೇ ಹೊಡೀಬೇಕು. ಬೆಳಿಗ್ಗೆ ಕೂಡಿ ಊಟ ಮಾಡಿದ್ದು ಅವರ ಜೊತೆ. ಅವರಿಗೇ. ಸಮಜಲಾ ಕಾ? ಇಲ್ಲಿಂದಾನೇ ಪೂರಾ ಯುದ್ಧ ಶುರು."

ನಾಸಿಕದಿಂದ ಬಂದವರೆಲ್ಲ ಹಳದಿ. ಕಪ್ಪು ಪಟ್ಟಿ ಕಟ್ಟಿದವರು ಗಂಗಾಪುರದ ಕಡೆಯ ತರುಣರು, ಕುಸ್ತಿಯ ಮೈಕಟ್ಟಿನವರು. ಶಾಂತಕುಮಾರನನ್ನು ಬಲಪಡೆಗೆ ಹಾಕಿದರು. ಲಾಲಸಾಬ ನಡುಪಡೆಯ ಕೊನೆಯ ಸಾಲಿಗೆ ಬಂದ, ಹೀಗಾಗಿ ಅಕ್ಕಪಕ್ಕದಲ್ಲೇ ನಿಂತರು. "ನನಗೇ ಹೊಡಿ. ನಾ ಚಂದ ಸಾಯ್ತೀನಿ" ಎಂದ ಲಾಲಸಾಬ. ಶಾಂತಕುಮಾರ ಸ್ವರೂಪನನ್ನು ಕರೆದು, ಸತ್ತಮೇಲೆ ಕಣ್ಣು ಹೇಗಿಡಬೇಕೆಂದು ಕೇಳಿಯೇಬಿಟ್ಟ. ಹುಡುಗ ನಗಲಿಲ್ಲ, ಗಂಭೀರವಾಗಿ ಯೋಚಿಸಿದ. "ಅರ್ಧ. ಅರ್ಧ ಓಪನ್. ಆದರೆ ಹಲಾಯಚಂ ನಾಹಿ. ಕಟ್ ಅನ್ನೋತನಕ ಅಲ್ಲಾಡಬಾರದು."

ಮಧ್ಯಾಹ್ನದವರೆಗೆ ಬರೀ ಓಡಿಸಿದರು. ಇಳಿಜಾರಿನಲ್ಲಿ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ದೊಡ್ಡ ಛತ್ರಿಯ ಕೆಳಗೆ ಕೂತ ನಿರ್ದೇಶಕ ಮೈಕಿನಲ್ಲಿ ಹಿಂದಿಯಲ್ಲಿ, ನಿಮಗೆ ಕೋಪವೇ ಇಲ್ಲ, ಭಿಕ್ಷುಕರ ಹಾಗೆ ಓಡುತ್ತೀರಿ ಎನ್ನುತ್ತಿದ್ದ. ಕವಚದ ಒಳಗೆ ಮೈ ಬೆಂದುಹೋಗುತ್ತಿತ್ತು. ನೀರಿನ ಪೀಪಾಯಿ ಇದ್ದದ್ದು ಒಂದೇ ಒಂದು ಬೇವಿನ ಮರದ ನೆರಳಿನಲ್ಲಿ, ಅಲ್ಲಿ ಕಪ್ಪು ಪಟ್ಟಿಯವರು ಕಾಲು ಚಾಚಿದ್ದರು. ಹಳದಿಯವರು ಯಾರೂ ಹತ್ತಿರ ಹೋಗಲಿಲ್ಲ. ಲಾಲಸಾಬ ಎದ್ದು ಹೋದ. ಅವನು ತುಂಬಿಸಿದ ಲೋಟವನ್ನು, ಕಿವಿಗೆ ಬಳೆಯಂಥ ಬಾಳಿ ಹಾಕಿದ್ದ ಒಬ್ಬ ಪೈಲವಾನ ಕೂತಲ್ಲಿಂದಲೇ ಕಾಲಿನಿಂದ ಒದ್ದ. ನೀರು ಮಣ್ಣಾಯಿತು. ಲಾಲಸಾಬ ಲೋಟ ಎತ್ತಿಕೊಂಡು, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ, "ಪೈಲವಾನರೇ, ಕಾಲಿನಿಂದಲೇ ಇಷ್ಟು ಚೆನ್ನಾಗಿ ನೀರು ಕೊಡ್ತೀರಿ, ಊಟಾನೂ ನೀವೇ ಬಡಿಸಿಬಿಡ್ರಿ" ಎಂದ. ಮೊದಲು ನಕ್ಕದ್ದು ಪೈಲವಾನನ ಸ್ವಂತ ಜನ. ಅವನು ಎದ್ದ, ಯಾರೋ ಭುಜ ಒತ್ತಿ ಕೂರಿಸಿದರು. ಲಾಲಸಾಬ ನೀರು ಕುಡಿದು, ಶಾಂತಕುಮಾರನಿಗೂ ಒಂದು ಲೋಟ ತಂದುಕೊಟ್ಟ. ನೀರು ಗಂಟಲಿಗಿಳಿಯುವಾಗ ಶಾಂತಕುಮಾರನಿಗೆ ಅನ್ನಿಸಿದ್ದು ಕೃತಜ್ಞತೆಯಲ್ಲ. ಇವನು ಯಾವಾಗಲೂ ಹೀಗೆ ಎದ್ದು ಹೋಗುವುದು ಯಾಕೆ? ಹೋದವನೊಬ್ಬ ಇದ್ದಾಗಲೇ ಅಲ್ಲವೆ ಉಳಿದವರು ಹೋಗದವರಾಗುವುದು?

ಊಟದ ನಂತರ ಕಾಳಗ. ಹೊಗೆಯ ಯಂತ್ರಗಳು ಬಿಳಿ ಹೊಗೆ ಬಿಟ್ಟವು. ಹಳದಿ ಪಟ್ಟಿಗಳು ಇಳಿಜಾರಿನಲ್ಲಿ ಕೂಗುತ್ತ ಇಳಿದವು, ಕಪ್ಪು ಪಟ್ಟಿಗಳಿಗೆ ಹೋಗಿ ಬಡಿದವು, ಹೇಳಿಕೊಟ್ಟ ಹಾಗೆ ಕಪ್ಪಿನವರು ಹಿಂದೆ ಸರಿದರು. ಶಂಖ ಊದಿತು. ಶಾಂತಕುಮಾರ ಎದೆಯ ಮೇಲಿನ ಹಳದಿ ಪಟ್ಟಿ ಕಿತ್ತೆಸೆದ. ಕಿತ್ತ ಕ್ಷಣದಲ್ಲಿ ಮೈಯೊಳಗೆ ಏನೋ ಬಿಚ್ಚಿಕೊಂಡಂತಾಯಿತು. ತಿರುಗಿದ. ಲಾಲಸಾಬ ಆಗಲೇ ಅರ್ಧ ನಗುತ್ತ ಕುತ್ತಿಗೆ ಒಡ್ಡಿಕೊಂಡು ನಿಂತಿದ್ದ. ಭುಜಕ್ಕೆ ಮೆಲ್ಲಗೆ ತಾಗಿಸಬೇಕಾಗಿದ್ದ ಕತ್ತಿಯನ್ನು ಶಾಂತಕುಮಾರ ಎರಡೂ ಕೈಯಲ್ಲಿ ಹಿಡಿದು ಬೀಸಿದ. ಫೈಬರ್ ಆದರೂ ಅದು ಕುತ್ತಿಗೆಯ ಬುಡಕ್ಕೆ ಬಿದ್ದ ಸದ್ದು ಬೇರೆಯಾಗಿತ್ತು. ಲಾಲಸಾಬನ ಕಣ್ಣು ಒಂದು ಗಳಿಗೆ ಅಗಲವಾಯಿತು, ಗುರುತು ಸಿಗದವನನ್ನು ನೋಡಿದ ಹಾಗೆ. ಆಮೇಲೆ ನಗು ತಿರುಗಿ ಬಂತು. "ಚಂದ ಹೊಡದಿ" ಎಂದು ಬಾಯಿ ಆಡಿಸಿ, ಎದೆ ಹಿಡಿದುಕೊಂಡು, ಎರಡು ಸುತ್ತು ತಿರುಗಿ ಸತ್ತ. ಮರುಕ್ಷಣ ಯಾರದೋ ಈಟಿ ಶಾಂತಕುಮಾರನ ಬಗಲ ಸಂದಿಗೆ ಬಂತು. ಗೊತ್ತುಮಾಡಿದ್ದಂತೆ ಅವನೂ ಒಂದು ಬಂಡೆಯ ಪಕ್ಕದ ತಗ್ಗಿನಲ್ಲಿ ಬಿದ್ದು, ಕೆನ್ನೆಯನ್ನು ಮಣ್ಣಿಗೆ ಒತ್ತಿ, ಕಣ್ಣನ್ನು ಅರ್ಧ ತೆರೆದಿಟ್ಟ.

ಮಲಗಿದಲ್ಲಿಂದ ಲೋಕ ಅಡ್ಡಡ್ಡವಾಗಿ ಕಾಣುತ್ತಿತ್ತು. ಒಣ ಹುಲ್ಲು, ಹೊಗೆ, ಓಡುವ ಕಾಲುಗಳು. ಎರಚಿದ ನಕಲಿ ರಕ್ತದಿಂದ ಶರಬತ್ತಿನ ವಾಸನೆ ಬರುತ್ತಿತ್ತು. ಹಾಯೆನಿಸಿತು. ಇಡೀ ದಿನದಲ್ಲಿ ಮೊದಲ ಸಲ ಅವನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ಎಷ್ಟು ಹೊತ್ತಿನ ಮೇಲೋ ಒಂದು ಕೂಗು ಬಂತು, ಉಳಿದ ಕೂಗುಗಳ ಜಾತಿಗೆ ಸೇರದ ಕೂಗು. ಯಾರೋ ಬಿದಿರಿನಿಂದ ನಿಜವಾಗಿ ಹೊಡೆದಿದ್ದರು, ಹೊಡೆಸಿಕೊಂಡವನು ಕಲ್ಲೆತ್ತಿದ್ದ. ಇಡೀ ದಿನದ ಬಿಸಿಲು, ಬಾಯಾರಿಕೆ, ಮೈಕಿನ ಬೈಗುಳ ಎಲ್ಲ ಒಮ್ಮೆಗೇ ಕೈಗಿಳಿಯಿತು. ಈಟಿಗಳ ರಬ್ಬರ್ ತುದಿಗಳನ್ನು ಕಿತ್ತೆಸೆದರು. ಹಳದಿಯ ಒಬ್ಬ ಮೊಣಕಾಲೂರಿ ಕೂತು ಬಾಯಿಂದ ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡ. ಕಪ್ಪಿನ ಒಬ್ಬನನ್ನು ನೆಲಕ್ಕೆ ಕೆಡವಿ ನಾಲ್ಕಾರು ಜನ ಮುಖದ ಮೇಲೆ ಕಾಲಿಟ್ಟರು. ಅವರೆಲ್ಲ ಶಾಂತಕುಮಾರನ ಜೊತೆ ಬಸ್ಸಿನಲ್ಲಿ ನಕ್ಕವರು. ಶೂಟಿಂಗಿಗೆ ತಂದಿದ್ದ ಕುದುರೆಯೊಂದು ಸವಾರನಿಲ್ಲದೆ ಹೊಗೆಯಿಂದ ಹೊರಬಂದು, ಬಿದ್ದವನೊಬ್ಬನ ತೊಡೆಯನ್ನು ತುಳಿದು ಹೋಯಿತು. ಒಣಗಿದ ಕಟ್ಟಿಗೆ ಮುರಿದಂಥ ಸದ್ದು. ಮೈಕು ಏನೋ ಹೇಳುತ್ತಿತ್ತು. ಅದು ಕಟ್ ಎಂದಿತೋ ಇಲ್ಲವೋ. ಕೇಳಿಸಲಿಲ್ಲ. ಕೇಳಿಸದ ಮೇಲೆ ಅಲುಗಾಡಬಾರದು ಎಂಬ ಮಾತು ಇನ್ನೂ ಜಾರಿಯಲ್ಲಿದೆ ಎಂದು ಶಾಂತಕುಮಾರ ತನಗೆ ತಾನೇ ಹೇಳಿಕೊಂಡ.

"ಶಾಂತೂ."

ಲಾಲಸಾಬನ ದನಿ. ಹೊಗೆಯ ಒಳಗಿಂದ ಅವನು ಬಗ್ಗಿಕೊಂಡು ಓಡಿಬರುತ್ತಿದ್ದ, ಕೈಯಲ್ಲಿ ಕತ್ತಿಯೂ ಇರಲಿಲ್ಲ. "ಶಾಂತೂ, ಏಳೋ. ಎದ್ದೇಳೋ ಮಾರಾಯ." ಅವನ ಹಿಂದೆಯೇ ಬಾಳಿ ಹಾಕಿದ ಪೈಲವಾನ ಕಾಣಿಸಿದ, ಜೊತೆಗೆ ಇಬ್ಬರು. ಮೊದಲ ಕೋಲು ಮೊಣಕಾಲಿನ ಹಿಂಬದಿಗೆ ಬಿತ್ತು. ಲಾಲಸಾಬ ಶಾಂತಕುಮಾರನ ಮುಖದಿಂದ ಎರಡು ಮಾರು ದೂರದಲ್ಲಿ ಕುಸಿದ. ಆಮೇಲೆ ಮಾತಿಲ್ಲ. ಬಿದಿರು ಮಾಂಸಕ್ಕೆ ಬಿದ್ದರೆ ಒಂದು ಸದ್ದು, ಎಲುಬಿಗೆ ಬಿದ್ದರೆ ಇನ್ನೊಂದು. ಪಕ್ಕೆ. ಬೆನ್ನು. ತಲೆಗೆ ಅಡ್ಡ ಹಿಡಿದ ಕೈ. ಟೈಲ್ಸ್ ಅನ್ನು ಅಂಗೈಯಿಂದ ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಟೊಳ್ಳಿದೆಯೋ ಎಂದು ಕಿವಿಗೊಡುವ ಕೈ. ಅದು ಮುರಿದದ್ದು ಕಣ್ಣಿಗೆ ಕಂಡಿತು, ಮಣಿಕಟ್ಟು ಇರಬಾರದ ಕಡೆ ಬಾಗಿತು. ಕಿವಿಯ ಮೇಲೆ ಬಿದ್ದ ಹೊಡೆತಕ್ಕೆ ಲಾಲಸಾಬನ ತಲೆ ನೆಲದಿಂದ ಪುಟಿದು ಮತ್ತೆ ನೆಲಕ್ಕೆ ಬಿತ್ತು. "ಶಾಂತೂ" ಎಂದ ಇನ್ನೊಮ್ಮೆ, ಈ ಸಲ ಮೆಲ್ಲಗೆ, ನಿದ್ದೆಯಲ್ಲಿ ಅಂದಂತೆ. ಏಳಬೇಕು ಎಂದು ಶಾಂತಕುಮಾರನ ಮೈಯ ಯಾವುದೋ ಭಾಗ ಹೇಳುತ್ತಿತ್ತು, ಹೊಟ್ಟೆಯೋ ತೊಡೆಯೋ. ಆದರೆ ಅವನು ಸತ್ತಿದ್ದ. ಹೊಡೆಯುತ್ತಿದ್ದವರಲ್ಲಿ ಒಬ್ಬ ಹೆಜ್ಜೆ ಹಿಂದಿಟ್ಟಾಗ ಅವನ ಹಿಮ್ಮಡಿ ಶಾಂತಕುಮಾರನ ಬೆರಳುಗಳ ಮೇಲೆ ಬಂತು. ಕೋಲೆತ್ತಿದಾಗಲೆಲ್ಲ ಆ ಹಿಮ್ಮಡಿ ಇನ್ನಷ್ಟು ಊರಿಕೊಳ್ಳುತ್ತಿತ್ತು. ಕೈ ಎಳೆದುಕೊಳ್ಳಲಿಲ್ಲ. ಉಸಿರು ಬಿಗಿಹಿಡಿದ. ಆ ಭಯದ ಅಡಿಯಲ್ಲಿ, ಬಚ್ಚಲಲ್ಲಿ ನಿಂತ ನೀರಿನ ಹಾಗೆ ತಣ್ಣಗೆ, ಇನ್ನೊಂದು ಇತ್ತು. ಹೇಳು, ಈಗ ಹೇಳು ಹೆಲ್ಮೆಟ್ಟಿನ ಕಥೆ. ಆ ಮಾತು ತನ್ನದೇ ಎಂಬುದು ಗೊತ್ತಾದಾಗ ಅವನಿಗೆ ಬಿದಿರಿಗಿಂತ ಅದರದೇ ಹೆದರಿಕೆಯಾಯಿತು.

ಸಿಳ್ಳೆಗಳು ಕೇಳಿಸಿದವು. ಕಾಲುಗಳು ಚದುರಿದವು. ಸ್ವರೂಪ್ ಹತ್ತಿರ ಬಂದು, ಅಳುತ್ತ, "ಕಟ್ ಝಾಲಾ ಅಂಕಲ್, ಉಠಾ, ಉಠಾ" ಎಂದ ಮೇಲೆ ಶಾಂತಕುಮಾರ ಎದ್ದ. ಅಷ್ಟು ಸಲೀಸಾಗಿ ಎದ್ದದ್ದನ್ನು ನೋಡಿ ಹುಡುಗ ಒಂದು ಕ್ಷಣ ಅಳು ನಿಲ್ಲಿಸಿದ. ಸಾಮಾನಿನ ಟೆಂಪೊದಲ್ಲಿ, ಮಡಚಿದ ಡೇರೆಗಳ ಮೇಲೆ ಲಾಲಸಾಬನನ್ನು ಮಲಗಿಸಿ ಸಂಭಾಜಿನಗರದ ಆಸ್ಪತ್ರೆಗೆ ಒಯ್ದರು. ತಲೆ ಶಾಂತಕುಮಾರನ ತೊಡೆಯ ಮೇಲಿತ್ತು. ಕಿವಿಯಿಂದ ಇಳಿದ ರಕ್ತ ಅವನ ಬಟ್ಟೆಯ ಮೇಲಿನ ಶರಬತ್ತಿನ ರಕ್ತಕ್ಕೆ ಸೇರಿತು. ಬೇರೆ ಬೇರೆಯಾಗಿ ಕಾಣುತ್ತಿದ್ದವು, ದೌಲತಾಬಾದ್ ದಾಟುವಷ್ಟರಲ್ಲಿ ಎರಡೂ ಒಂದೇ ಬಣ್ಣಕ್ಕೆ ಒಣಗಿದವು.

ಸಂಜೆ ನೀಲಾಂಬಿಕಾಳ ಫೋನು. ಚಾಳಿಗೆ ಸುದ್ದಿ ಮುಟ್ಟಿತ್ತು.

"ಜೀವಕ್ಕ ಏನಿಲ್ಲಲ್ಲ?"

"ಇಲ್ಲ. ಪಕ್ಕಿ ಎಲುಬು ಮುರದಾವ. ಕೈ. ಕಿವಿ."

"ನೀ ಅವನ ಬಾಜೂಕೇ ಇದ್ದಿಯಲ್ಲ?"

"ಇದ್ದೆ."

"ಮತ್ತ?"

"ನಾನೂ ಕೆಳಗ ಬಿದ್ದಿದ್ದೆ, ನೀಲಾ."

ಅದು ಸುಳ್ಳಲ್ಲ. ಆಕೆ, "ನಿನಗ ಎಲ್ಲಿ ಪೆಟ್ಟಾಗ್ಯದ?" ಎಂದಳು. ಕೈಬೆರಳು ಬಾತಿದೆ ಎಂದ. ಆಕೆ ಅಳಲು ತೊಡಗಿದಳು, ಆ ಬೆರಳುಗಳಿಗಾಗಿ. ಆಕೆ ಗೋಡೆಯ ಆಚೆ ಬದಿಗೆ ಹೋಗಿ ಲಾಲಸಾಬನ ಮನೆಯವರಿಗೆ, ಇಬ್ಬರೂ ಕೂಡೇ ಬಿದ್ದಿದ್ದರಂತೆ ಎಂದು ಹೇಳುವುದು ಅವನಿಗೆ ಇಲ್ಲಿಂದಲೇ ಕೇಳಿಸಿತು.

ಮರುದಿನ ಸ್ವರೂಪ್ ಆಸ್ಪತ್ರೆಗೆ ಬಂದ. ನಿದ್ದೆಗೆಟ್ಟ ಮುಖ. ಪೊಲೀಸರು ಕೆಲವರನ್ನು ಕರೆದೊಯ್ದಿದ್ದರು, ಕಂಪನಿಯವರು ಆಸ್ಪತ್ರೆಯ ಖರ್ಚು ತಮ್ಮದೆಂದಿದ್ದರು, ಶಿವರಾಯ ಫೋನು ಎತ್ತುತ್ತಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತು ಹುಡುಗ ಮೊಬೈಲು ತೆರೆದ. "ಎಲ್ಲಾ ಕ್ಯಾಮೆರಾ ಚಾಲೂ ಇತ್ತು, ಅಂಕಲ್. ಪೊಲೀಸರಿಗೂ ಕೊಟ್ಟಿವಿ. ಡೈರೆಕ್ಟರ್ ಸರ್ ಹೇಳ್ತಾರೆ, ಈ ಶಾಟ್ ಇಡಬೇಕು ಅಂತ. ಮುಂದ ನಿಮ್ಮ ಮುಖ, ಹಿಂದ ಯುದ್ಧ. ಪೂರಾ ಸೀರೀಸ್‌ದಾಗ ಇಂಥಾದ್ದು ಇಲ್ಲ ಅಂತ." ಶಾಂತಕುಮಾರ ನೋಡಿದ. ಮಣ್ಣಿಗೊತ್ತಿದ ತನ್ನ ಕೆನ್ನೆ, ಅರ್ಧ ತೆರೆದ ಕಣ್ಣು. ದೂರದಲ್ಲಿ ಮುರಿದ ರಥದ ವೇಷ ಹಾಕಿದ ಒಂದು ಗಾಡಿ, ಅದರ ಚಕ್ರದ ಹಿಂದೆ ಲಾಲಸಾಬ. ಕಲ್ಲುಗಳು ಹಾರುತ್ತಿದ್ದವು. ಅವನಿಗೆ ಒಂದೂ ತಗಲುವಂತಿರಲಿಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಇಣುಕಿ ಈ ಕಡೆ ನೋಡಿದ. ಬಿದ್ದಿರುವ ಶಾಂತಕುಮಾರನನ್ನು ನೋಡಿದ. ಇನ್ನೊಮ್ಮೆ ನೋಡಿದ. ಚಕ್ರ ಬಿಟ್ಟು ಹೊರಗೆ ಓಡಿದ. ಆಮೇಲಿನದು ಶಾಂತಕುಮಾರನಿಗೆ ಗೊತ್ತಿತ್ತು, ಆದರೂ ನೋಡಿದ. ಹಿಮ್ಮಡಿಯ ಕೆಳಗೆ ತನ್ನ ಬೆರಳುಗಳು ಮಡಚಿಕೊಂಡವು. ಪರದೆಯ ಮೇಲಿನ ಆ ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು.

ಸ್ವರೂಪ್ ಮೊಬೈಲನ್ನು ತೊಡೆಯ ಮೇಲೆ ಮಗುಚಿಟ್ಟ. "ಇದು ಯಾರಿಗೂ ದಿಸಲಾ ನಾಹಿ. ಯಾರೂ ನೋಡಿಲ್ಲ. ನಾ ಬಾರ್ ಬಾರ್ ನೋಡಿದೆ, ಅದಕ್ಕ..." ಮಾತು ಹುಡುಕಿದ. "ಶಾಟ್ ಖರಾಬ್ ಅದೆ, ಫೋಕಸ್ ಇಲ್ಲ ಅಂತ ಹೇಳಿ ತೆಗೆಸಲಾ ಅಂಕಲ್? ನನ್ನ ಮಾತು ಕೇಳ್ತಾರೆ." ಅವನ ದನಿಯಲ್ಲಿ ತಿರಸ್ಕಾರವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಶಾಂತಕುಮಾರ ಬೆಂಚಿನಿಂದ ಎದ್ದು ಒಳಗೆ ಹೋದ.

ಲಾಲಸಾಬ ಅಂಗಾತ ಮಲಗಿದ್ದ. ಎಡ ಕಿವಿಯ ಮೇಲೆ ದಪ್ಪ ಪಟ್ಟಿ, ಬಲಗೈ ಪ್ಲಾಸ್ಟರಿನಲ್ಲಿ, ಮುಖ ಊದಿ ಬೇರೆ ಯಾರದೋ ಆಗಿತ್ತು. ಆ ಮುಖದೊಳಗಿಂದ ಅವನದೇ ಕಣ್ಣುಗಳು ಇವನನ್ನು ಕಂಡು ಹೊಳೆದವು. "ಎಲ್ಲಿ ಹೋಗಿದ್ದಿ? ತೋರ್ಸು, ಎಲ್ಲಿ ಹೊಡದಾರ ನಿನಗ?" ಶಾಂತಕುಮಾರ ಬಾತ ಬೆರಳು ತೋರಿಸಿದ. ಬೇರೇನೂ ಇರಲಿಲ್ಲ ತೋರಿಸಲಿಕ್ಕೆ. "ಅಷ್ಟೇನಾ?" ಲಾಲಸಾಬ ನಗಲು ಹೋಗಿ, ಪಕ್ಕೆ ಹಿಡಿದುಕೊಂಡು ನಿಲ್ಲಿಸಿದ. "ನಾ ಖರೇನೇ ನಿನಗ ತಲೀಗಿ ಬಿದ್ದದ ಅಂದ್ಕೊಂಡೆ. ಕರದ್ರ ಏಳವಲ್ಲಿ. ಹೋದ ಅಂದೆ ಮನಸ್ಸಿನ್ಯಾಗ. ನೀಲಾಗ ಏನ್ ಹೇಳ್ಲಿ ಅಂತ ಅದೇ ಚಿಂತಿ ನೋಡು. ಎಷ್ಟೊತ್ತಿಗಿ ಎಚ್ಚರ ಆಯ್ತು ನಿನಗ?"

ಕೇಳಿದ ಪ್ರಶ್ನೆಯಲ್ಲೇ ಉತ್ತರ ಇತ್ತು. ಆಮೇಲೆ ಆಯ್ತು ಎಂದರೆ ಮುಗಿಯುತ್ತಿತ್ತು. ಇನ್ನು ಜೀವಮಾನವಿಡೀ ಬಸ್ಸುಗಳಲ್ಲಿ ಲಾಲಸಾಬ ಈ ಕಥೆಯನ್ನು ಹೇಳುತ್ತಿದ್ದ, ತಾನು ಸತ್ತವನನ್ನು ಎಬ್ಬಿಸಲು ಹೋಗಿ ಪೆಟ್ಟು ತಿಂದ ಕಥೆ, ಎಲ್ಲರೂ ನಗುತ್ತಿದ್ದರು, ಶಾಂತಕುಮಾರನೂ. ಮಂಚದ ಕಬ್ಬಿಣ ಹಿಡಿದು ನಿಂತ.

"ನಾ ಎಚ್ಚರೇ ಇದ್ದೆ" ಎಂದ.

"ಏನಂದಿ? ಈ ಕಿವಿ ಕೇಳವಲ್ದು. ಆ ಕಡಿ ಬಾ."

ಶಾಂತಕುಮಾರ ಮಂಚದ ಕಾಲ್ದೆಸೆಯಿಂದ ಸುತ್ತಿ ಬಲಬದಿಗೆ ಬಂದ. ಪಕ್ಕದ ಮಂಚದ ಮುದುಕನ ಮಗಳು ಕಿತ್ತಳೆ ಸುಲಿಯುತ್ತಿದ್ದಳು, ಅದರ ವಾಸನೆ ಕೋಣೆಯೆಲ್ಲ ತುಂಬಿತ್ತು. ಬಗ್ಗಿ, ಆ ಕಿವಿಯ ಹತ್ತಿರ ಬಾಯಿ ತಂದ.

"ನಾ ಎಚ್ಚರಿದ್ದೆ, ಲಾಲೂ. ನೀ ಕರದಿದ್ದು ಕೇಳಿಸ್ತು. ಎರಡೂ ಸಲ. ಹೊಡಿಯೋದು ನೋಡ್ಲಕತ್ತಿದ್ದೆ. ಏಳಲಿಲ್ಲ."

ಲಾಲಸಾಬ ಚಾವಣಿ ನೋಡುತ್ತಿದ್ದ. ಅವನ ಬಾಯಿ ಏನೋ ತಮಾಷೆಗೆ ತೆರೆದುಕೊಂಡಿದ್ದು ಹಾಗೇ ಉಳಿಯಿತು, ಆಮೇಲೆ ನಿಧಾನವಾಗಿ ಮುಚ್ಚಿಕೊಂಡಿತು. ಕೇಳಿಸಲಿಲ್ಲವೇನೋ ಎಂದು ಶಾಂತಕುಮಾರ ಇನ್ನೊಮ್ಮೆ ಹೇಳಲು ಹೊರಟ. ಅಷ್ಟರಲ್ಲಿ ಲಾಲಸಾಬ ಹೊರಳತೊಡಗಿದ. ಮುರಿದ ಪಕ್ಕೆಗಳ ಮೇಲೆ ಹೊರಳುವುದು ಹೊತ್ತಿನ ಕೆಲಸ. ಎಡಗೈಯಿಂದ ಮಂಚದ ಅಂಚನ್ನು ಹಿಡಿದ, ಹಲ್ಲು ಕಚ್ಚಿದ, ಹಣೆಯ ಮೇಲೆ ಬೆವರು ಒಡೆಯಿತು. ಹಿಡಿಯಲು ಶಾಂತಕುಮಾರ ಚಾಚಿದ ಕೈಯನ್ನು ಮೊಣಕೈಯಿಂದ ಸರಿಸಿದ. ಪ್ಲಾಸ್ಟರಿನ ಕೈಯನ್ನು ಎದೆಯ ಮೇಲೆ ಎಳೆದುಕೊಂಡು, ಮೆಲ್ಲಗೆ ಬಲಮಗ್ಗುಲಾಗಿ, ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದ.